ಐಸ್‌ಭಾವನ ಮಿಲಿಟರಿ ಜಾಕೆಟ್

ಐಸ್‌ಭಾವನಿಗೆ ಆ ಹೆಸರಿಟ್ಟದ್ದು ಅವನ ಭಾವಮೈದ. ಅಕ್ಕನ ಗಂಡ, ಆದ್ದರಿಂದ ಭಾವ. ಐಸಿನೊಳಗೆ ಕೆಲಸ, ಆದ್ದರಿಂದ ಐಸ್. ಒಂದು ಸಲ ಬೀದಿಯಲ್ಲಿ ನಿಂತು ಜೋರಾಗಿ ಕೂಗಿದ, ಅಲ್ಲಿಗೆ ಮುಗಿಯಿತು. ಮಾರನೇ ವಾರದಿಂದ ಪೇಪರ್ ಹಾಕುವವನಿಂದ ಹಿಡಿದು ಮಹಡಿ ಮನೆಯ ಮೇಷ್ಟ್ರ ತನಕ ಎಲ್ಲರ ಬಾಯಲ್ಲೂ ಅವನು ಐಸ್‌ಭಾವನೇ. ಅಕ್ಕತಂಗಿಯರೇ ಇಲ್ಲದವರಿಗೂ ಭಾವನಾದ ಮನುಷ್ಯ ಆ ಬೀದಿಯಲ್ಲಿ ಅವನೊಬ್ಬನೇ.

ಕೆಲಸ ಕೋಲ್ಡ್ ಸ್ಟೋರೇಜಿನಲ್ಲಿ. ಹೊರಗಿನಿಂದ ನೋಡಿದರೆ ಕಿಟಕಿ ಇಲ್ಲದ ದೊಡ್ಡ ಗೋಡೌನು, ಅಷ್ಟೆ. ಒಳಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಮೀನು, ಬೆಣ್ಣೆ, ಬಟಾಣಿ ಎಲ್ಲವೂ ಕಲ್ಲಾಗಿ ಮಲಗಿರುವ ಜಾಗ. ಲಾರಿ ಬಂದಾಗ ಪೆಟ್ಟಿಗೆಗಳನ್ನು ಒಳಗೆ ಹೊರಬೇಕು, ಇನ್ನೊಂದು ಲಾರಿ ಬಂದಾಗ ಅದೇ ಪೆಟ್ಟಿಗೆಗಳನ್ನು ಹೊರಗೆ ಹೊರಬೇಕು. ಇಪ್ಪತ್ತು ನಿಮಿಷ ಒಳಗಿದ್ದರೆ ಹತ್ತು ನಿಮಿಷ ಹೊರಗೆ ನಿಲ್ಲಬೇಕು, ಯಾರೂ ಒಬ್ಬರೇ ಒಳಗೆ ಹೋಗಕೂಡದು ಎಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಬರೆಸಿದವರು ಒಳಗೆ ಹೋದವರಲ್ಲ. ಬೇಸಿಗೆ ಬಂತೆಂದರೆ ಸಾಕು, "ನಿಮಗೇನ್ ಬಿಡಿ ಭಾವ, ಪುಕ್ಕಟೆ ಎ.ಸಿ." ಎಂದು ಹಲ್ಲು ಕಿರಿಯದವರಿಲ್ಲ. ಪುಕ್ಕಟೆ ಎ.ಸಿ.ಯಲ್ಲಿ ಮೂವತ್ತು ವರ್ಷ ದುಡಿದವನ ಬೆರಳ ತುದಿಗಳು ಹೇಗಾಗಿರುತ್ತವೆ ಎಂದು ಯಾರೂ ಕೇಳಲಿಲ್ಲ. ಅವನೂ ತೋರಿಸಲು ಹೋಗಲಿಲ್ಲ.

ಮಾತು ಕಡಿಮೆ. ಜಂಬದಿಂದಲ್ಲ. ಆ ಚಳಿಯಲ್ಲಿ ಬಾಯಿ ತೆರೆದರೆ ಹಲ್ಲಿನ ಬೇರಿನವರೆಗೂ ಜುಮ್ಮೆನ್ನುತ್ತದೆ. ಒಳಗೆ ಕೆಲಸ ಮಾಡುವವರು ತಲೆಯಾಡಿಸಿ, ಕೈ ತೋರಿಸಿಯೇ ಕಾಲ ಹಾಕುತ್ತಾರೆ. ಐಸ್‌ಭಾವ ಆ ಅಭ್ಯಾಸವನ್ನು ಮನೆಗೂ ತಂದ. ಮಗಳು ನರ್ಸಿಂಗ್ ಪಾಸಾದಳೆಂದು ಓಡಿ ಬಂದು ಹೇಳಿದಾಗ ಎರಡು ಸಲ ತಲೆಯಾಡಿಸಿದ. ಅವಳು ಅದನ್ನೇ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಳು: "ಅಪ್ಪ ಎರಡು ಸಲ ಆಡಿಸಿದ್ರು!" ಒಂದು ಸಲ ಎಂದರೆ ಸರಿ ಎಂದರ್ಥ, ಎರಡು ಸಲ ಎಂದರೆ ಹಬ್ಬ.

ಆ ಮೂವತ್ತು ವರ್ಷವೂ ಅವನ ಮೈಮೇಲಿದ್ದದ್ದು ಒಂದೇ ಲೆದರ್ ಜಾಕೆಟ್. ಕಡು ಕಂದು ಬಣ್ಣ, ದಪ್ಪ ತೊಗಲು, ಹಿತ್ತಾಳೆಯ ಜಿಪ್ಪು, ಸೊಂಟಕ್ಕೂ ಮುಂಗೈಗೂ ಹೆಣೆದ ಉಣ್ಣೆಯ ಪಟ್ಟಿ. ವಿಮಾನದವರು ಹಾಕುತ್ತಿದ್ದಂಥ ಮಿಲಿಟರಿ ಜಾಕೆಟ್. ಮದುವೆಯ ಹೊಸದರಲ್ಲಿ ಹೆಂಡತಿಯ ಅಪ್ಪ ಕೊಟ್ಟದ್ದು. ಮಾವ ವಿಮಾನ ಪಡೆಯ ಉಗ್ರಾಣದಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಬಂದೂಕು ಹಿಡಿದವರಲ್ಲ, ಪೆನ್ನು ಹಿಡಿದವರು. ವಿಮಾನ ಹತ್ತಿದವರಂತೂ ಅಲ್ಲವೇ ಅಲ್ಲ. ಬಸ್ಸು ಹತ್ತಿದರೇ ಅವರಿಗೆ ತಲೆ ತಿರುಗುತ್ತಿತ್ತು.

ಕಳೆದ ತಿಂಗಳು ಐಸ್‌ಭಾವ ರಿಟೈರ್ ಆದ. ಕಂಪನಿಯವರು ಒಂದು ಫ್ಲಾಸ್ಕ್ ಕೊಟ್ಟರು, ಫೋಟೋ ತೆಗೆದರು. ಫೋಟೋದಲ್ಲಿ ಮ್ಯಾನೇಜರ್ ಪೂರ್ತಿ ಬಂದಿದ್ದಾರೆ, ಫ್ಲಾಸ್ಕ್ ಪೂರ್ತಿ ಬಂದಿದೆ, ಐಸ್‌ಭಾವ ಅರ್ಧ ಬಂದಿದ್ದಾನೆ. ಮನೆಗೆ ಬಂದು ಜಾಕೆಟ್ಟನ್ನು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ. ಅಲ್ಲಿಂದ ಅದು ಇವನನ್ನು ನೋಡುತ್ತಿತ್ತು, ಇವನು ಅದನ್ನು ನೋಡುತ್ತಿದ್ದ. ನಿಜ ಹೇಳಬೇಕೆಂದರೆ, ಅಷ್ಟು ವರ್ಷ ದುಡಿದದ್ದಕ್ಕೆ ಕಣ್ಣಿಗೆ ಕಾಣುವಂತೆ ಅವನಲ್ಲಿ ಉಳಿದದ್ದು ಅದೊಂದೇ.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಬೀದಿಗೆಲ್ಲ ಇಸ್ತ್ರಿಯಕ್ಕ. ಗಂಡ ಆಡದೆ ಉಳಿಸಿದ ಮಾತನ್ನೆಲ್ಲ ಇವಳು ಖರ್ಚು ಮಾಡುತ್ತಿದ್ದಳು. ಬಟ್ಟೆಗಳು ಅದಲುಬದಲಾಗಬಾರದೆಂದು ಒಂದೊಂದು ಮನೆಗೆ ಒಂದೊಂದು ಗುರುತು ಇಟ್ಟು, ಅಳಿಸದ ಶಾಯಿಯಲ್ಲಿ ಕಾಲರಿನ ಒಳಗೆ ಹಾಕುವುದು ಅವಳ ಪದ್ಧತಿ. ಇನ್ನು ಬಟ್ಟೆ ಓದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅಂಗಿಯ ಮೊಣಕೈ ಸವೆದದ್ದು ನೋಡಿ "ಇವ್ನು ಆಫೀಸಲ್ಲಿ ನಿದ್ದೆ ಹೊಡೀತಾನೆ" ಅನ್ನುತ್ತಿದ್ದಳು. ಪ್ಯಾಂಟಿನ ಮಂಡಿ ನೋಡಿ ಯಾರು ಯಾರ ಕಾಲು ಹಿಡಿದರು ಎಂದು ಹೇಳುತ್ತಿದ್ದಳು. ಜನ ಅವಳ ಹತ್ತಿರ ಬಟ್ಟೆ ಕೊಡಲು ಸ್ವಲ್ಪ ಹೆದರುತ್ತಿದ್ದರು, ಆದರೂ ಕೊಡುತ್ತಿದ್ದರು. ಇಸ್ತ್ರಿ ಅಷ್ಟು ಚೆನ್ನಾಗಿತ್ತು.

ಗಂಡನ ಜಾಕೆಟ್ಟಿನ ಬಗ್ಗೆ ಮಾತ್ರ ಅವಳದು ಒಂದೇ ರಾಗ. "ಅದನ್ನ ಒಳಗೆ ತರಬೇಡಿ ರೀ, ಮೀನು ನಡ್ಕೊಂಡು ಬಂದ ಹಾಗಿದೆ." ಹಾಗೆ ಬೈಯುತ್ತಲೇ ಪ್ರತಿ ಭಾನುವಾರ ಎಣ್ಣೆ ಹಚ್ಚಿ, ತಿಕ್ಕಿ, ನೆರಳಲ್ಲಿ ಒಣಗಿಸುತ್ತಿದ್ದಳು. ಮೂವತ್ತು ವರ್ಷದಲ್ಲಿ ಆ ಜಾಕೆಟ್ಟಿಗೆ ಬಿದ್ದಷ್ಟು ಬೈಗುಳ ಇನ್ಯಾವ ಬಟ್ಟೆಗೂ ಬಿದ್ದಿಲ್ಲ.

ಎಲ್ಲ ಶುರುವಾದದ್ದು ಭಾವಮೈದನ ಹಲ್ಲುನೋವಿನಿಂದ. ಅವನು ಇನ್ಶೂರೆನ್ಸ್ ಮಾಡಿಸುವವನು. ಬೀದಿಯವರು ಇಟ್ಟ ಹೆಸರು ಪಾಲಿಸಿ. ಕಂಡವರನ್ನು ನಿಲ್ಲಿಸಿ ತಲೆ ತಿನ್ನುವುದು ಅವನ ವೃತ್ತಿ, ಅದನ್ನು ಅವನು ಮನಸ್ಸಿಟ್ಟು ಮಾಡುತ್ತಿದ್ದ. ದವಡೆ ಹಲ್ಲು ಕೀಳಿಸಲು ಹೋದವನು ಡಾಕ್ಟರ ಕ್ಲಿನಿಕ್ಕಿನಲ್ಲಿ ಒಂದು ಗಾಜಿನ ಪೆಟ್ಟಿಗೆ ನೋಡಿದ. ಒಳಗೆ ದೀಪ, ದೀಪದ ಕೆಳಗೆ ಹಳೆಯ ಲೆದರ್ ಜಾಕೆಟ್, ಅದರ ಕೆಳಗೆ ಚೌಕಟ್ಟು ಹಾಕಿದ ಒಂದು ಪತ್ರ: ಇದನ್ನು ಹಾಕಿಕೊಂಡಿದ್ದವರು ಇಂಥ ವೀರರು, ಇಂಥ ಯುದ್ಧ. ಆಸೆಗಣ್ಣಿನಿಂದ ನೋಡಿದ. ಹಲ್ಲು ಕಿತ್ತ ಮೇಲೆ, ಬಾಯಿ ತುಂಬ ಹತ್ತಿ ಇದ್ದರೂ ತಡೆಯಲಾಗದೆ, "ನಮ್ಮಪ್ಪಂದೂ ಇದೆ ಡಾಕ್ಟ್ರೇ" ಅಂದುಬಿಟ್ಟ.

"ನಿಮ್ಮ ತಂದೆ ಹಾರಾಟದಲ್ಲಿದ್ರಾ?"

ಬಾಯಲ್ಲಿ ಹತ್ತಿ ಇರುವವನು ಉದ್ದದ ವಿವರಣೆ ಕೊಡಲಾರ. ಪಾಲಿಸಿ ಹೂಂ ಅಂದ. ಹೂಂ ಅನ್ನುವುದಕ್ಕೆ ಹತ್ತಿ ಅಡ್ಡ ಬರುವುದಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು ಪಾಲಿಸಿಯ ಸ್ಕೂಟರಿನ ಹಿಂದೆ ಕೂತು ಬಂದೇ ಬಂದರು. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಬಾಯಿ ನೋಡುವ ಪುಟ್ಟ ಕನ್ನಡಿ, ಚಿಕ್ಕ ಟಾರ್ಚು. ಇಸ್ತ್ರಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಸಿ, ಜಾಕೆಟ್ಟನ್ನು ಅದರ ಮೇಲೆ ಮಲಗಿಸಿದರು. ಕನ್ನಡಿಯನ್ನು ಜಿಪ್ಪಿನ ಹಿಂದೆ ತೂರಿಸಿ ನೋಡಿದರು.

"ಆಹಾ, ಒರಿಜಿನಲ್ಲು! ಒಂದು ಹಲ್ಲು ಮಾತ್ರ ಹೋಗಿದೆ."

"ಕಟ್ಟಿಸ್ಬೇಕಾ ಡಾಕ್ಟ್ರೇ?" ಎಂದಳು ಇಸ್ತ್ರಿಯಕ್ಕ.

"ಅಯ್ಯೋ, ಮುಟ್ಟಲೇಬೇಡಿ ತಾಯಿ! ಜಿಪ್ಪು ಬದಲಾಯಿಸಿದ್ರೆ ಅರ್ಧ ಜೀವ ಹೋದ ಹಾಗೆ." ಅವರು ನಿಜಕ್ಕೂ ಎದೆಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಕೂತು ವಿವರಿಸಿದರು. ಇದು ಕುದುರೆ ತೊಗಲು. ಈ ದಾರ ಈಗ ಯಾರೂ ನೂಲುವುದಿಲ್ಲ. ಈ ಲೇಬಲ್ಲು ಇರುವಂಥದ್ದು ನಾಲ್ಕೈದು ಉಳಿದಿದ್ದರೆ ಹೆಚ್ಚು. "ಆದ್ರೆ ನಮ್ಮಂಥ ಹುಚ್ಚರು ಹುಡುಕೋದು ಇದ್ಯಾವುದನ್ನೂ ಅಲ್ಲ. ಹಳೇದರ ಹಾಗೆ ಕಾಣೋ ಹೊಸ ಜಾಕೆಟ್ ಬೇಕಾದಷ್ಟು ಸಿಗುತ್ತೆ. ಉಪ್ಪುಕಾಗದ ಹಾಕಿ ಉಜ್ಜಿ ಸವೆಸಿ ಕೊಡ್ತಾರೆ. ಅದರೊಳಗೆ ಮನುಷ್ಯ ಇರಲ್ಲ. ಇದರೊಳಗೆ ಇದಾನೆ. ನೋಡಿ, ಬರೀ ಮೇಜಿನ ಮೇಲೆ ಮಲಗಿಸಿದ್ರೂ ತೋಳು ಹೇಗೆ ಬಾಗಿದೆ!"

ತೋಳು ಬಾಗಿಯೇ ಇತ್ತು. ಪೆಟ್ಟಿಗೆ ಅಪ್ಪಿ ಹಿಡಿದವನ ತೋಳು ಹೇಗೆ ಬಾಗುತ್ತದೋ ಹಾಗೆ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಐಸ್‌ಭಾವ ತನ್ನ ಕೈ ನೋಡಿಕೊಂಡ.

"ನಿಮ್ಮ ಹತ್ರ ಎಷ್ಟಿದೆ ಡಾಕ್ಟ್ರೇ?" ಇಸ್ತ್ರಿಯಕ್ಕ ಕೇಳಿದಳು.

"ಹನ್ನೊಂದು."

"ಯಾವಾಗ ಹಾಕ್ಕೋತೀರಾ?"

"ಹಾಕ್ಕೊಳ್ಳೋದಾ? ಹಾಕ್ಕೊಂಡ್ರೆ ಹಾಳಾಗುತ್ತಲ್ಲ!"

ಇಸ್ತ್ರಿಯಕ್ಕ ಗಂಡನ ಮುಖ ನೋಡಿದಳು. ಗಂಡ ಸೀಲಿಂಗ್ ನೋಡಿದ.

ಡಾಕ್ಟರು ಟಾರ್ಚು ಹಿಡಿದು ಮುಂದುವರಿದರು. ಎಡ ಹೆಗಲಿನ ಮೇಲೆ ಅಂಗೈ ಅಗಲ ತೊಗಲು ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಬೆರಳಾಡಿಸಿ, ದನಿ ತಗ್ಗಿಸಿ, "ಪ್ಯಾರಾಚೂಟಿನ ಪಟ್ಟಿ" ಎಂದರು. "ಎಷ್ಟು ಸಲ ಹಾರಿರಬೇಕು ಇವರು!"

"ಲೆಕ್ಕವೇ ಇಲ್ಲ" ಎಂದ ಪಾಲಿಸಿ.

ಐಸ್‌ಭಾವ ಸ್ಟೂಲಿನಿಂದ ಅರ್ಧ ಎದ್ದ. ಆ ಹೊಳಪು ಪೆಟ್ಟಿಗೆಯದು. ಬಲಗೈಗೆ ಪೆಟ್ಟಿಗೆ ಎಳೆಯುವ ಕೊಕ್ಕೆ ಬೇಕು, ಆದ್ದರಿಂದ ಭಾರ ಯಾವಾಗಲೂ ಎಡ ಹೆಗಲಿಗೆ. ಜಾಕೆಟ್ಟು ಕಳಚಿದರೆ ಅವನ ಹೆಗಲಿನ ಮೇಲೂ ಅಷ್ಟೇ ಅಗಲದ ಜಡ್ಡಿದೆ. ಹೇಳೋಣವೆಂದು ಬಾಯಿ ತೆರೆದ. ಆದರೆ ಪಾಲಿಸಿಯ ಮುಖ ನೋಡಿದ. ನಲವತ್ತು ದಾಟಿದವನು ಹನ್ನೆರಡು ವರ್ಷದ ಹುಡುಗನ ಹಾಗೆ ಕಣ್ಣರಳಿಸಿಕೊಂಡು ಕೂತಿದ್ದ, ಅಪ್ಪ ನಿಜವಾಗಿಯೂ ಹಾರಿದ್ದನ್ನು ಈಗಷ್ಟೇ ಕಂಡವನಂತೆ. ಐಸ್‌ಭಾವ ಬಾಯಿ ಮುಚ್ಚಿಕೊಂಡ.

ಡಾಕ್ಟರು ಒಂದೊಂದೇ ಗುರುತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹೊರಡುವಾಗ ಹೇಳಿದರು: ಒಳ್ಳೆಯ ಬೆಲೆಯನ್ನೇ ಕೊಡುತ್ತೇನೆ, ಆದರೆ ಬೆಲೆಗಿಂತ ಮುಖ್ಯ ಪತ್ರ. ಯಾರು ಹಾಕಿಕೊಂಡಿದ್ದರು, ಯಾವ ಗುರುತು ಎಲ್ಲಿ ಬಿತ್ತು ಎಂದು ಬರೆದು, ಮಕ್ಕಳಿಬ್ಬರೂ ಸಹಿ ಹಾಕಬೇಕು. ಕ್ಲಿನಿಕ್ಕಿನಲ್ಲಿ ಎರಡನೇ ಗಾಜಿನ ಪೆಟ್ಟಿಗೆ ಮಾಡಿಸುತ್ತೇನೆ, ತಂದೆಯವರ ಫೋಟೋ ಸಮೇತ. ಮುಂದಿನ ಭಾನುವಾರ ಟೈಪ್ ಮಾಡಿಸಿ ತರುತ್ತೇನೆ.

ಮಕ್ಕಳಿಬ್ಬರು ಎಂದರೆ ಇಸ್ತ್ರಿಯಕ್ಕ ಮತ್ತು ಪಾಲಿಸಿ. ಅಳಿಯನ ಸಹಿಗೆ ಜಾಗವಿರಲಿಲ್ಲ.

ಆ ವಾರ ಪಾಲಿಸಿ ದಿನಕ್ಕೆರಡು ಸಲ ಬಂದ. "ಭಾವ, ಇನ್ನು ನಿಮಗೆ ಅದರಿಂದ ಏನಾಗಬೇಕು ಹೇಳಿ? ರಿಟೈರ್ ಆದ್ರಿ. ಗೂಟದಲ್ಲಿ ನೇತಾಡಿ ಹುಳ ಹಿಡಿಯೋದಕ್ಕಿಂತ ಅಪ್ಪನ ಹೆಸರಲ್ಲಿ ನಾಲ್ಕು ಜನ ನೋಡ್ಲಿ. ಅಪ್ಪಂಗೆ ಬದುಕಿದ್ದಾಗ ಏನ್ ಸಿಕ್ತು? ಒಂದು ಪ್ರಮೋಷನ್ ಕೂಡ ಕೊಡ್ಲಿಲ್ಲ. ಹೋದ್ಮೇಲಾದ್ರೂ..." ಅದು ಪಾಲಿಸಿ ಮಾರುವಾಗಿನ ದನಿಯಲ್ಲ ಎಂದು ಐಸ್‌ಭಾವನಿಗೆ ಗೊತ್ತಾಯಿತು. ಗೊತ್ತಾದದ್ದರಿಂದಲೇ ಕಷ್ಟವಾಯಿತು.

"ನಿಮ್ಮಪ್ಪ ಅದನ್ನ ಒಂದಿನಾನೂ ಹಾಕ್ಕೊಳ್ಳಲಿಲ್ಲ ಕಣೋ" ಎಂದ, ಮೆಲ್ಲಗೆ.

"ಅದೆಲ್ಲಾ ಯಾರಿಗೆ ಗೊತ್ತು ಭಾವ?"

ಯಾರಿಗೆ ಗೊತ್ತು! ಮಾತು ಸಹಜವಾಗಿಯೇ ಬಂತು, ಆದರೆ ಐಸ್‌ಭಾವನಿಗೆ ಬೆನ್ನಿಗೆ ಗುದ್ದಿದಂತಾಯಿತು. ನಿಜವೇ, ಯಾರಿಗೂ ಗೊತ್ತಿಲ್ಲ. ಅವನೇ ಯಾರಿಗೂ ಹೇಳಿಲ್ಲ. ಮೂವತ್ತು ವರ್ಷ ಹೊತ್ತದ್ದೆಲ್ಲ ಈಗ ವಿಮಾನದಿಂದ ಜಿಗಿದವರ ಲೆಕ್ಕಕ್ಕೆ ಹೋಗುತ್ತದೆ, ಗಾಜಿನ ಪೆಟ್ಟಿಗೆಯೊಳಗೆ ದೀಪದ ಕೆಳಗೆ ಇವನ ಹೆಗಲು ಇನ್ನೊಬ್ಬರ ಹೆಸರಿನಲ್ಲಿ ಹೊಳೆಯುತ್ತದೆ. ಇವನಿಗೆ ಉಳಿಯುವುದು ಫ್ಲಾಸ್ಕು. ಅವನಿಗೆ ಸಂಕಟವಾಯಿತು, ಸಿಟ್ಟೂ ಬಂತು, ಇಷ್ಟಕ್ಕೆಲ್ಲ ಸಂಕಟಪಡುವುದೇ ಎಂದು ನಾಚಿಕೆಯೂ ಆಯಿತು. ಶನಿವಾರ ಹೆಂಡತಿಗೆ ಹೇಳಿದ: "ಸೈನ್ ಮಾಡ್ಬಿಡು. ನಿಮ್ಮಪ್ಪನ ಹೆಸರು ತಾನೇ."

ಇಸ್ತ್ರಿಯಕ್ಕ ಮೇಷ್ಟ್ರ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಎಳೆಯುತ್ತಿದ್ದಳು. ತಲೆ ಎತ್ತಲಿಲ್ಲ. ಆವತ್ತಿಡೀ ಅವಳು ಯಾರ ಬಟ್ಟೆಯ ಬಗ್ಗೆಯೂ ಒಂದು ಮಾತಾಡಲಿಲ್ಲ. ಬಟ್ಟೆ ತೆಗೆದುಕೊಳ್ಳಲು ಬಂದವರು ಹುಷಾರಿಲ್ಲವೇ ಎಂದು ಕೇಳಿ ಹೋದರು.

ಭಾನುವಾರ ಡಾಕ್ಟರು ಹೊಸ ಅಂಗಿ ಹಾಕಿಕೊಂಡು ಬಂದರು. ಪಾಲಿಸಿ ಅಪ್ಪನ ಫೋಟೋ ಒರೆಸಿ ತಂದಿದ್ದ. ಚಹಾ ಆಯಿತು. ಪತ್ರ ಮೇಜಿನ ಮೇಲೆ ಬಂತು. ಪಾಲಿಸಿ ಓದದೆಯೇ, ದಿನಕ್ಕೆ ಹತ್ತು ಕಡೆ ಸಹಿ ಮಾಡುವವನ ಸಲೀಸಿನಲ್ಲಿ, ಸಹಿ ಹಾಕಿ ಪೆನ್ನನ್ನು ಅಕ್ಕನ ಕೈಗೆ ಕೊಟ್ಟ.

"ಓದಿ ಡಾಕ್ಟ್ರೇ" ಎಂದಳು ಅವಳು. "ಸೈನ್ ಮಾಡೋಕೆ ಮುಂಚೆ ಕೇಳ್ತೀನಿ."

ಡಾಕ್ಟರು ಗಂಟಲು ಸರಿಮಾಡಿಕೊಂಡು ಓದಿದರು. "ಒಂದನೆಯದು. ಎಡ ಹೆಗಲಿನ ಸವೆತ ಪ್ಯಾರಾಚೂಟಿನ ಪಟ್ಟಿಯಿಂದ ಉಂಟಾದದ್ದು."

"ತಪ್ಪು."

"ಏನಮ್ಮಾ?"

"ತಪ್ಪು ಅಂದೆ. ಅದು ಮೀನಿನ ಪೆಟ್ಟಿಗೆ. ಪಟ್ಟಿ ಉಜ್ಜಿದ್ರೆ ಗೆರೆ ಬೀಳುತ್ತೆ, ಹೀಗೆ ಅಗಲಕ್ಕೆ ಹೊಳೆಯಲ್ಲ. ಸ್ಕೂಲ್ ಬ್ಯಾಗ್ ಹೊತ್ತ ಮಕ್ಕಳ ಅಂಗಿ ದಿನಾ ನೋಡ್ತೀನಿ ನಾನು. ಮುಂದೆ?"

"ಅಕ್ಕಾ..." ಪಾಲಿಸಿ ಹಲ್ಲು ಕಚ್ಚಿದ. ಹೊಸದಾಗಿ ಖಾಲಿಯಾದ ಜಾಗ ನೋವು ಕೊಟ್ಟಿತು.

"ಮುಂದೆ ಓದಿ ಡಾಕ್ಟ್ರೇ."

"ಎರಡು. ಕೆಳ ಅಂಚಿನಲ್ಲಿರುವ ಎರಡು ತೂತುಗಳು, ಶತ್ರುಗಳ ಗುಂಡಿನ ಚೂರುಗಳಿಂದ..."

"ಕೊಕ್ಕೆ. ಪೆಟ್ಟಿಗೆ ಎಳೆಯೋ ಕಬ್ಬಿಣದ ಕೊಕ್ಕೆನ ಸೊಂಟಕ್ಕೆ ಸಿಕ್ಕಿಸ್ಕೋತಾರೆ. ಮೊದಲ್ನೇ ತೂತು ಮಗಳು ಸ್ಕೂಲಿಗೆ ಸೇರಿದ ವರ್ಷ ಬಿತ್ತು, ಎರಡನೇದು ಅವಳು ಹತ್ತನೇ ಕ್ಲಾಸಲ್ಲಿದ್ದಾಗ. ಹೊಲಿತೀನಿ ಅಂದ್ರೆ ಬೇಡ, ಕೊಕ್ಕೆಗೆ ಅನುಕೂಲ ಅಂದ್ರು."

"ಬೆನ್ನಿನ ಬಿಳಿ ಕಲೆ... ಅತಿ ಎತ್ತರದಲ್ಲಿ ಬೆವರು ಹೆಪ್ಪುಗಟ್ಟಿ..."

"ಉಪ್ಪುನೀರು. ಮೀನಿಂದು. ಮೂಸಿ ನೋಡಿ."

ಡಾಕ್ಟರು ಮೂಸಿ ನೋಡಿದರು. ಹೋದ ವಾರ ಅವರೇ ಆ ವಾಸನೆಯನ್ನು ಇಂಜಿನ್ ಎಣ್ಣೆಯದೆಂದು ಬರೆದುಕೊಂಡಿದ್ದರು. ಈಗ ಮುಖ ಸ್ವಲ್ಪ ಹಿಂದಕ್ಕೆ ಬಂತು. ಆದರೂ ಆಸೆ ಬಿಡದೆ, ಕಾಲರ್ ಮಡಿಚಿ, ಟಾರ್ಚು ಬಿಟ್ಟು ತೋರಿಸಿದರು. "ಸರಿ ತಾಯಿ, ಇದಕ್ಕೇನಂತೀರಿ? ಮೂರು ಚುಕ್ಕೆ, ಕೆಳಗೊಂದು ಗೆರೆ. ಇದು ಯಾವುದೋ ಗುಪ್ತ ದಳದ ಗುರುತು. ನಾಲ್ಕು ಪುಸ್ತಕ ಹುಡುಕಿದೀನಿ, ಸಿಕ್ಕಿಲ್ಲ. ಸಿಗದೇ ಇರೋದರಿಂದಲೇ ಗುಪ್ತ ಅಂತ ಖಾತ್ರಿಯಾಯ್ತು."

ಇಸ್ತ್ರಿಯಕ್ಕ ಮೇಜಿನ ಕೆಳಗಿನ ರಾಶಿಯಿಂದ ಗಂಡನ ಒಂದು ಹಳೆಯ ಅಂಗಿ, ತನ್ನದೊಂದು ರವಿಕೆ, ಒಂದು ದಿಂಬಿನ ಚೀಲ ತೆಗೆದು ಸಾಲಾಗಿ ಹರಡಿದಳು. ಎಲ್ಲದರ ಮೇಲೂ ಮೂರು ಚುಕ್ಕೆ, ಕೆಳಗೊಂದು ಗೆರೆ. "ನಮ್ಮನೆ ಗುರುತು. ಮೇಲಿನ ಮೇಷ್ಟ್ರದು ಎರಡು ಚುಕ್ಕೆ."

ಡಾಕ್ಟರು ದಿಂಬಿನ ಚೀಲವನ್ನು ಬಹಳ ಹೊತ್ತು ನೋಡಿದರು. ಗುಪ್ತ ದಳಕ್ಕೆ ಸೇರಿದ ದಿಂಬಿನ ಚೀಲವನ್ನು ಅವರು ಇದೇ ಮೊದಲು ನೋಡುತ್ತಿದ್ದದ್ದು.

"ಇನ್ನೊಂದಿದೆಯಲ್ಲ" ಎಂದಳು ಇಸ್ತ್ರಿಯಕ್ಕ. "ಬಲ ಮೊಣಕೈ. ಅದನ್ನೂ ಓದಿಬಿಡಿ."

"ಉರಿಯುತ್ತಿದ್ದ ವಿಮಾನದಿಂದ ಹೊರಬರುವಾಗ..." ಡಾಕ್ಟರ ದನಿಯಲ್ಲಿ ಈಗ ಜೀವವಿರಲಿಲ್ಲ.

ಇಸ್ತ್ರಿಯಕ್ಕ ಪೆನ್ನು ಕೆಳಗಿಟ್ಟಳು. ಮೊಣಕೈಯ ತೇಪೆಯ ಮೇಲೆ ಕೈ ಇಟ್ಟಳು. ಅಷ್ಟು ಹೊತ್ತು ಚುರುಕಾಗಿ ಓಡುತ್ತಿದ್ದ ನಾಲಿಗೆ ನಿಧಾನವಾಯಿತು.

"ಆವಾಗ ನಾನು ಎಂಟು ತಿಂಗಳ ಬಸುರಿ. ಇವರು ತಡವಾಗಿ ಬಂದ್ರು. ಬಸ್ಸಿಂದ ಇಳೀವಾಗ ಬಿದ್ದೆ ಅಂದ್ರು. ಮೊಣಕೈ ತೊಗಲು ಕಿತ್ತು ಹೋಗಿತ್ತು, ಒಳಗಿನ ಬಟ್ಟೆಗೆ ರಕ್ತ ಹತ್ತಿ ಒಣಗಿತ್ತು. ನಾನು ಸುಮ್ನೆ ತೇಪೆ ಹಾಕೋಕೆ ಕೂತೆ. ಸೂಜಿ ಚುಚ್ಚುವಾಗ ನೋಡಿದ್ರೆ ತೊಗಲಿನ ಬಿರುಕಲ್ಲೆಲ್ಲ ಬಿಳಿ ಪೇಂಟು. ಊರಿನ ಬಸ್ಸೆಲ್ಲ ಹಸಿರು ಡಾಕ್ಟ್ರೇ. ಬಿಳಿ ಇದ್ದದ್ದು ಕೋಲ್ಡ್ ಸ್ಟೋರೇಜ್ ಬಾಗಿಲು. ಒಳಗಡೆಯಿಂದ." ತೇಪೆಯ ಅಂಚನ್ನು ಬೆರಳಿನಿಂದ ಸವರಿದಳು. "ಬಾಗಿಲು ತೆರ್ಕೊಂಡಿಲ್ಲ. ಜೊತೆಗಿರಬೇಕಾದವನು ಇರ್ಲಿಲ್ಲ. ಎಷ್ಟು ಹೊತ್ತು ಗುದ್ದಿದ್ರೋ ಏನೋ. ಕುದುರೆ ತೊಗಲು ಅಂತೀರಲ್ಲ, ಅದು ಹರಿಯೋವರೆಗೂ ಗುದ್ದಿದಾರೆ. ಬೆಳಿಗ್ಗೆ ಎದ್ದು ಅದನ್ನೇ ಹಾಕ್ಕೊಂಡು ಮತ್ತೆ ಅಲ್ಲಿಗೇ ಹೋದ್ರು. ನಾನು ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ. ತಡೀಲಿಲ್ಲ. ತಡೆದಿದ್ರೆ ಊಟಕ್ಕೇನು?"

ಐಸ್‌ಭಾವ ಸ್ಟೂಲಿನ ಮೇಲೆ ಕೂತಿದ್ದ ಹಾಗೇ ಕೂತಿದ್ದ. ಗುದ್ದಿದ್ದು ಒಂದು ಗಂಟೆ ಹತ್ತು ನಿಮಿಷ. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳದೆಯೇ ಮುಚ್ಚಿಟ್ಟೆನೆಂದು ಅಷ್ಟು ವರ್ಷ ನಂಬಿದ್ದ. ಅವಳಿಗೆ ಆ ರಾತ್ರಿಯೇ ಗೊತ್ತಿತ್ತು. ಗೊತ್ತಿಟ್ಟುಕೊಂಡು ಬೈದಿದ್ದಾಳೆ, ಗೊತ್ತಿಟ್ಟುಕೊಂಡು ಎಣ್ಣೆ ತಿಕ್ಕಿದ್ದಾಳೆ. ಅವನ ಕಣ್ಣು ತುಂಬಿತು. ಒರೆಸಿಕೊಳ್ಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ, ಅಭ್ಯಾಸವಿದ್ದರಲ್ಲವೇ.

"ಇದನ್ನ ಹಾಕ್ಕೊಂಡಿದ್ದವರು ನನ್ನ ಗಂಡ" ಎಂದಳು ಇಸ್ತ್ರಿಯಕ್ಕ. "ಹಾಗಂತ ಬರ್ಕೊಂಡು ಬನ್ನಿ, ಸೈನ್ ಮಾಡ್ತೀನಿ."

ಡಾಕ್ಟರು ಕೆಟ್ಟವರಲ್ಲ. ಟಾರ್ಚು ಆರಿಸಿ, ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ತಪ್ಪು ತಿಳ್ಕೋಬೇಡಿ ತಾಯಿ. ನಾವು ಯುದ್ಧದ್ದು ಕೂಡಿಡೋರು. ಮೀನಿನ ಪೆಟ್ಟಿಗೆ ಹೊತ್ತವರದ್ದು ಯಾರೂ ಕೂಡಿಡಲ್ಲ." ಬಾಗಿಲಿನವರೆಗೂ ಹೋದವರು ತಿರುಗಿ ಬಂದು ಐಸ್‌ಭಾವನ ಮುಖಕ್ಕೆ ಬಗ್ಗಿದರು. "ತಣ್ಣಗಿನದು ಕುಡಿದ್ರೆ ಎಡಗಡೆ ದವಡೆ ಜುಮ್ಮೆನ್ನುತ್ತಾ? ಎನ್ನಲೇಬೇಕು. ಬುಧವಾರ ಬನ್ನಿ, ಫೀಸ್ ಬೇಡ." ಹೊರಗೆ ಹೋಗಿ, ಸ್ಕೂಟರಿಗೆ ಕಾಯದೆ, ನಡೆದುಕೊಂಡೇ ಹೊರಟರು.

ಪಾಲಿಸಿ ಅಪ್ಪನ ಫೋಟೋ ಹಿಡಿದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಸಿಟ್ಟಿನಿಂದ ಕಿವಿ ಕೆಂಪಾಗಿತ್ತು. ಅಕ್ಕ ಹತ್ತಿರ ಬಂದರೆ ಮುಖ ತಿರುಗಿಸಿದ. "ಸಮಾಧಾನ ಆಯ್ತಾ? ನಿನ್ನ ಗಂಡನ್ನ ಮೇಲಕ್ಕೇರಿಸ್ದೆ. ಅಪ್ಪ ಮತ್ತೆ ಗುಂಡಿ ಎಣಿಸೋ ಗುಮಾಸ್ತ ಆದ್ರು. ಯಾವತ್ತೂ ಏನೂ ಮಾಡದೇ ಇದ್ದ ಮನುಷ್ಯ. ಅಷ್ಟೇ ತಾನೇ?" ಬೈದು ಮುಗಿಸುವಷ್ಟರಲ್ಲಿ ಅವನಿಗೆ ಅಳು ಬಂದೇಬಿಟ್ಟಿತು. ಅಕ್ಕ ಇಸ್ತ್ರಿಪೆಟ್ಟಿಗೆ ಹಿಡಿಯಲು ಒಳಗೆ ಹೋದಳು.

ಐಸ್‌ಭಾವ ಬಂದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತ. ಆಮೇಲೆ ಮಾತಾಡಿದ. ಮಾತಾಡಿದ ಎಂದರೆ, ಅಷ್ಟುದ್ದ ಮಾತು ಅವನ ಬಾಯಿಂದ ಬಂದದ್ದನ್ನು ಆ ಬೀದಿ ಕೇಳಿರಲಿಲ್ಲ.

"ಮದುವೆಯಾಗಿ ಒಂದು ವಾರ. ನಿಮ್ಮಪ್ಪ ಕೋಲ್ಡ್ ಸ್ಟೋರೇಜಿಗೆ ಬಂದ್ರು. ಹೇಳದೆ ಕೇಳದೆ. ಅಳಿಯ ಕೆಲಸ ಮಾಡೋ ಜಾಗ ನೋಡ್ಬೇಕು ಅಂದ್ರು. ನಾನು ಎರಡು ಸ್ವೆಟರ್ ಹಾಕಿ, ಮೇಲೆ ಗೋಣಿಚೀಲ ಹೊದ್ಕೊಂಡಿದ್ದೆ. ಒಳಗೆ ಬಂದ್ರು. ಬರೀ ಶರ್ಟಿನಲ್ಲಿ. ಐದು ನಿಮಿಷ ನಿಂತಿದ್ರು. ಕನ್ನಡಕದ ಮೇಲೆ ಹಿಮ ಕಟ್ತು. ಕೈ ಹಿಡಿದು ಹೊರಗೆ ಕರ್ಕೊಂಡು ಬಂದೆ. ಗೋಣಿಚೀಲ ಮುಟ್ಟಿ ನೋಡಿ ಹೋದ್ರು."

ಪಾಲಿಸಿ ಕಣ್ಣೊರೆಸಿಕೊಂಡು ತಲೆ ಎತ್ತಿದ.

"ಮೂರನೇ ದಿನ ಪೇಪರ್‌ನಲ್ಲಿ ಸುತ್ತಿ ಇದನ್ನ ತಂದುಕೊಟ್ರು. ಹಳೇದು, ಬಿಸಾಕ್ತಿದ್ರು ಅಂದ್ರು. ನಾನೂ ನಂಬಿದೆ. ಅವರು ತೀರಿಹೋದ ದಿನ ಒಬ್ಬ ಮುದುಕರು ಬಂದಿದ್ರಲ್ಲ, ಕೋಲು ಹಿಡ್ಕೊಂಡು, ಅವರ ಹಳೇ ಆಫೀಸರು. ಕೆಲಸದಿಂದ ಹಾಗೇ ಓಡಿ ಬಂದಿದ್ದ ನನ್ನ ಮೈಮೇಲೆ ಇದನ್ನ ನೋಡಿದ್ರು. ಪಕ್ಕಕ್ಕೆ ಕರೆದು ಹೇಳಿದ್ರು. ಇದನ್ನ ಯಾರೂ ಬಿಸಾಕಿರ್ಲಿಲ್ಲ. ಪೆಟ್ಟಿಗೆಯಲ್ಲಿ ನಲವತ್ತು ಇತ್ತು, ಹಾಕದೇ ಇರೋವು. ಆ ವರ್ಷ ಎಣಿಸ್ದಾಗ ಮೂವತ್ತೊಂಬತ್ತು. ನಿಮ್ಮಪ್ಪ, ನನ್ನ ಅಜಾಗರೂಕತೆಯಿಂದ ಕಳೆದುಹೋಗಿದೆ ಅಂತ ಬರೆದುಕೊಟ್ರು. ಅವರ ಸ್ಟೋರಲ್ಲಿ ಅಲ್ಲೀವರೆಗೂ ಒಂದು ಗುಂಡಿ ಕಳೆದಿರ್ಲಿಲ್ಲ. ಮೆಮೊ ಕೊಟ್ರು. ಪ್ರಮೋಷನ್ ಹೋಯ್ತು. ಅದೇ ವರ್ಷ ಬರ್ಬೇಕಿತ್ತಂತೆ."

"ಇದಕ್ಕೋಸ್ಕರನಾ?"

ಐಸ್‌ಭಾವ ಒಂದು ಸಲ ತಲೆಯಾಡಿಸಿದ.

ಪಾಲಿಸಿ ಮಡಿಲಲ್ಲಿದ್ದ ಫೋಟೋ ನೋಡಿದ. ದಪ್ಪ ಕನ್ನಡಕ, ಎಣ್ಣೆ ಹಾಕಿ ಬಾಚಿದ ತಲೆ, ಜೇಬಿನಲ್ಲಿ ಎರಡು ಪೆನ್ನು. ಒಳಗೆ ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತ್ತು. ಅವಳೂ ಕೇಳಿಸಿಕೊಳ್ಳುತ್ತಿದ್ದಳು, ಅವಳಿಗೂ ಇದು ಹೊಸದು.

"ಬರೀ ಶರ್ಟಿನಲ್ಲಾ ಭಾವ?"

"ಬರೀ ಶರ್ಟಿನಲ್ಲಿ."

"ಅಪ್ಪಂಗೆ ಫ್ಯಾನ್ ಗಾಳಿಗೇ ನೆಗಡಿ ಆಗ್ತಿತ್ತು" ಎಂದ ಪಾಲಿಸಿ. ಮೂಗು ಏರಿಸಿಕೊಂಡ. ಆಮೇಲೆ ಮೆಟ್ಟಿಲ ಮೇಲೆ ಸರಿಯಾಗಿ ತಿರುಗಿ ಕೂತು, "ಮೊದಲಿಂದ ಇನ್ನೊಂದ್ಸಲ ಹೇಳಿ" ಎಂದ.

ಇಸ್ತ್ರಿಯಕ್ಕನೂ ಹೊರಗೆ ಬಂದು ಬಾಗಿಲಿಗೊರಗಿ ನಿಂತಳು. ಐಸ್‌ಭಾವ ಮೊದಲಿನಿಂದ ಹೇಳಿದ.